ಹಗ್ಗ ಎಳೆದುಕೊಳ್ಳುವ ಮೊದಲು

ಗಂಗೋತ್ರಿಯಿಂದ ಕೇದಾರನಾಥಕ್ಕೆ ಗಾಡಿಯಲ್ಲಿ ಹೊರಟರೆ ಹೆಚ್ಚುಕಮ್ಮಿ ಎರಡು ದಿನದ ದಾರಿ. ಉತ್ತರಕಾಶಿಗೆ ಇಳಿಯಬೇಕು, ಬೆಟ್ಟ ಸುತ್ತಬೇಕು, ಮಂದಾಕಿನಿ ಕಣಿವೆ ಹಿಡಿದು ಗೌರಿಕುಂಡ ಮುಟ್ಟಬೇಕು, ಅಲ್ಲಿಂದ ಮೇಲಕ್ಕೆ ನಡೆಯಬೇಕು. ಆದರೆ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ನೋಡಿ. ಎರಡು ಊರಿನ ನಡುವೆ ನೇರವಾಗಿ ಸುಮಾರು 30 ಕಿಲೋಮೀಟರ್ ಅಷ್ಟೇ. ಬೆಂಗಳೂರಿಂದ ಬಿಡದಿಗೆ ಹೋದಷ್ಟು. ಆ 30 ಕಿಲೋಮೀಟರಿನಲ್ಲಿ ರಸ್ತೆಯಿಲ್ಲ, ಒಂದೂ ಊರಿಲ್ಲ. ಎರಡು ಹಿಮನದಿಗಳಿವೆ, ಆರು ಸಾವಿರ ಮೀಟರಿಗೂ ಎತ್ತರದ ಶಿಖರಗಳ ಸಾಲಿದೆ, ಆ ಸಾಲಿನಲ್ಲಿ ದಾಟಬಹುದಾದ ಒಂದು ತಗ್ಗಿದೆ. ಅದರ ಹೆಸರು ಆಡೆನ್ಸ್ ಕಾಲ್.

ಈ ಸೆಪ್ಟೆಂಬರ್‌ನಲ್ಲಿ ನಾವು ಐದು ಜನ ಆ ದಾರಿಯಲ್ಲಿ ಹೋಗಬೇಕೆಂದು ಹೊರಟಿದ್ದೇವೆ. ಹೊರಟಿದ್ದೇವೆ ಅಂದರೆ ಇನ್ನೂ ಮನೆಯಲ್ಲೇ ಇದ್ದೇವೆ. ಎಂಟು ತಿಂಗಳಿಂದ ಪ್ಲಾನ್ ಮಾಡುತ್ತಿದ್ದೇವೆ. ಈ ಬರಹ ಆ ಎಂಟು ತಿಂಗಳಿನದು.

ಜಾನ್ ಆಡೆನ್ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಕೆಲಸ ಮಾಡುತ್ತಿದ್ದವರು. ಕವಿ ಡಬ್ಲ್ಯೂ. ಎಚ್. ಆಡೆನ್ ಅವರ ಅಣ್ಣ. 1939ರಲ್ಲಿ ಗಂಗೋತ್ರಿ ಕಡೆಯ ರುದುಗೈರಾ ಕಣಿವೆಯಿಂದ ಹತ್ತಿ, ಈ ತಗ್ಗನ್ನು ದಾಟಿ, ಆಚೆಯ ಖಾಟ್ಲಿಂಗ್ ಹಿಮನದಿಗೆ ಇಳಿದರು. ಒಂದು ಕಡೆ ಗಂಗೋತ್ರಿ 3 ಶಿಖರ, ಇನ್ನೊಂದು ಕಡೆ ಜೋಗಿನ್ 1. ನಡುವೆ ಸುಮಾರು 5,500 ಮೀಟರ್ ಎತ್ತರದಲ್ಲಿ ಈ ಕಂಡಿ. ಈಚೆ ಕರಗಿದ ನೀರು ರುದುಗೈರಾ ತೊರೆಯಾಗಿ ಗಂಗೋತ್ರಿಯ ಹತ್ತಿರವೇ ಭಾಗೀರಥಿಗೆ ಸೇರುತ್ತದೆ. ಆಚೆ ಕರಗಿದ್ದು ಭಿಲಂಗನಾ ಆಗಿ ಹರಿದು, ತೆಹ್ರಿಯಲ್ಲಿ ಅದೇ ಭಾಗೀರಥಿಯನ್ನು ಸೇರುತ್ತದೆ. ಬೆನ್ನಿಗೆ ಬೆನ್ನು ಕೊಟ್ಟು ಹೊರಟ ನೀರು ಅಷ್ಟು ದೂರ ಸುತ್ತಿ ಬಂದು ಒಂದಾಗುತ್ತದಲ್ಲ, ಅದನ್ನು ಮೊದಲ ಸಲ ನಕ್ಷೆಯಲ್ಲಿ ಬೆರಳಿಟ್ಟು ನೋಡಿದಾಗಲೇ ಈ ದಾರಿಯ ಹುಚ್ಚು ಹಿಡಿದಿದ್ದು.

ನಾನು ಉತ್ತರಕಾಶಿಯಲ್ಲಿ ಪರ್ವತಾರೋಹಣದ 28 ದಿನದ ಬೇಸಿಕ್ ಕೋರ್ಸ್ ಮಾಡಿದ್ದೇನೆ. ಒಂದಷ್ಟು ಪಾಸ್‌ಗಳನ್ನು, ಅಂದರೆ ಬೆಟ್ಟಸಾಲಿನ ಕಂಡಿಗಳನ್ನು, ದಾಟಿದ್ದೇನೆ. ಆದರೆ ಶಿಖರ ಹತ್ತುವುದಕ್ಕೂ ಹೀಗೆ ಅಡ್ಡ ದಾಟುವುದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಶಿಖರಕ್ಕೆ ಹೋದಾಗ ನಿಮ್ಮ ಡೇರೆ, ನಿಮ್ಮ ಅಡುಗೆಮನೆ, ನಿಮ್ಮ ಮಾಮೂಲಿ ದಾರಿ ಎಲ್ಲ ಕೆಳಗೇ ಇರುತ್ತದೆ. ಹೆದರಿದರೆ, ಸುಸ್ತಾದರೆ, ಹವಾ ಕೆಟ್ಟರೆ ಬಂದ ದಾರಿಯಲ್ಲೇ ಇಳಿಯುವುದು. ಅಡ್ಡ ದಾಟುವಾಗ ಮನೆ ಪೂರ್ತಿ ಬೆನ್ನ ಮೇಲೆ. ಮತ್ತೆ ಒಂದು ಜಾಗ ಬರುತ್ತದೆ, ಅಲ್ಲಿಂದ ಮುಂದೆ ವಾಪಸ್ ಅನ್ನುವ ಮಾತೇ ಇಲ್ಲ.

ಆಡೆನ್ಸ್ ಕಾಲ್‌ನಲ್ಲಿ ಆ ಜಾಗ ಎಲ್ಲಿ ಅಂತ ಖಚಿತವಾಗಿ ತೋರಿಸಬಹುದು. ಖಾಟ್ಲಿಂಗ್ ಕಡೆಯ ಇಳಿಜಾರು ತುಂಬ ಕಡಿದು. ಹಗ್ಗ ಕಟ್ಟಿಯೇ ಇಳಿಯಬೇಕು. ಎಲ್ಲರೂ ಇಳಿದಾದ ಮೇಲೆ ಕೊನೆಯವರು ಹಗ್ಗವನ್ನು ಬಿಡಿಸಿ ಎಳೆದುಕೊಳ್ಳಬೇಕು, ಯಾಕೆಂದರೆ ಕೆಳಗೆ ಹಿಮದ ಬಿರುಕುಗಳ ನಡುವೆ ಅದೇ ಹಗ್ಗ ಬೇಕು. ಹಗ್ಗ ಕೆಳಗೆ ಬಂದು ಬಿದ್ದಿತು ಅಂದರೆ ಗಂಗೋತ್ರಿಯ ಬಾಗಿಲು ಮುಚ್ಚಿತು. ನಮ್ಮ ಪ್ಲಾನ್ ಪೂರ್ತಿ ನಿಂತಿರುವುದು ಆ ಒಂದು ಕ್ಷಣದ ಮೇಲೆ. ಹಗ್ಗ ಎಳೆದುಕೊಳ್ಳುವ ಮೊದಲು ಏನೇನು ಸರಿ ಇರಬೇಕು?

ಮೊದಲು ಊಟದ ಲೆಕ್ಕ. ಇಲ್ಲೇ ನಾನು ಎಡವಿದ್ದು.

ನಡಿಗೆ 12 ದಿನ. ಹವಾ ಕೆಟ್ಟರೆ ಅಂತ ಇನ್ನೆರಡು. ಒಟ್ಟು 14 ದಿನ. ಒಬ್ಬರಿಗೆ ದಿನಕ್ಕೆ 800 ಗ್ರಾಂ ಒಣ ಸಾಮಾನು ಅಂದರೆ 11.2 ಕೆ.ಜಿ. ನಾವು ಐದು ಜನ, ಗೈಡ್, ಅವರ ಸಹಾಯಕ, ಅಡುಗೆಯವರು ಸೇರಿ ಎಂಟು ಜನಕ್ಕೆ ಹತ್ತಿರ ಹತ್ತಿರ 90 ಕೆ.ಜಿ. ಡೇರೆಗಳು 25, ಹಗ್ಗ ಮತ್ತು ಕಬ್ಬಿಣದ ಸಾಮಾನು 25, ಪಾತ್ರೆ-ಸ್ಟೌ 15, ಸೀಮೆಎಣ್ಣೆ 18. ಕೂಡಿದರೆ 173 ಕೆ.ಜಿ. ಒಬ್ಬ ಪೋರ್ಟರ್ 20 ಕೆ.ಜಿ. ಹೊರುತ್ತಾನೆ, ಹಾಗಾದರೆ ಒಂಬತ್ತು ಜನ ಸಾಕು ಅಂತ ಬರೆದು, ಶೀಟನ್ನು ಉತ್ತರಕಾಶಿಯಲ್ಲಿರುವ ನಮ್ಮ ಗೈಡ್‌ಗೆ ಕಳಿಸಿದೆ. ನಾವು ಅವರನ್ನು ಭೈಜೀ ಅನ್ನುತ್ತೇವೆ, ಗಢವಾಲಿಯಲ್ಲಿ ಅಣ್ಣ ಅಂತ. ಅರ್ಧ ಗಂಟೆಯಲ್ಲಿ ಫೋನ್ ಬಂತು.

"ದೀದೀ, ಸಾಮಾನಿನ ಲೆಕ್ಕ ಸರಿಯಾಗಿದೆ. ಹೊರುವವನ ಹೊಟ್ಟೆ ಲೆಕ್ಕ ಎಲ್ಲಿ?"

ಅವರು ಬೈಯಲಿಲ್ಲ, ಸಮಾಧಾನವಾಗಿಯೇ ಕೇಳಿದರು. ನನಗೆ ಮಾತ್ರ ಮುಖ ಸುಟ್ಟ ಹಾಗಾಯಿತು. ಹೊರುವವನೂ 14 ದಿನ ಉಣ್ಣಬೇಕಲ್ಲ. ಅವನ 20 ಕೆ.ಜಿ.ಯಲ್ಲಿ 11.2 ಅವನ ಊಟವೇ. ಅವನ ಸ್ಲೀಪಿಂಗ್ ಬ್ಯಾಗು, ಚಾಪೆ ಸೇರಿ ಇನ್ನು ಮೂರು. ಉಳಿಯುವುದು 5.8 ಕೆ.ಜಿ. 173ನ್ನು 5.8ರಿಂದ ಭಾಗಿಸಿ ನೋಡಿ. ಮೂವತ್ತು ಜನ ಆಗುತ್ತಾರೆ! ಮೂವತ್ತು ಜನಕ್ಕೆ ಇನ್ನಷ್ಟು ಡೇರೆ, ಇನ್ನಷ್ಟು ಎಣ್ಣೆ, ಅದನ್ನು ಹೊರಲು ಇನ್ನಷ್ಟು ಜನ. ಲೆಕ್ಕ ಮುಗಿಯುವುದೇ ಇಲ್ಲ.

ಎರಡು ವಾರ ಇದೇ ತಲೆಯಲ್ಲಿ ಓಡುತ್ತಿತ್ತು. ದಾರಿ ತೋರಿಸಿದ್ದು ಭೈಜೀನೇ. ಭಿಲಂಗನಾ ಕಣಿವೆಯ ತುದಿಯಲ್ಲಿ ಗಂಗೀ ಅಂತ ಒಂದು ಹಳ್ಳಿ ಇದೆ. ಖಾಟ್ಲಿಂಗ್‌ನಿಂದ ಕೆಳಗೆ ನಡೆದು ಬಂದರೆ ಮೊದಲು ಸಿಗುವ ಊರು. ಅಲ್ಲಿಂದ ಒಂದಷ್ಟು ಜನ, ನಾವು ಹಿಮನದಿ ಇಳಿದು ಬರುವ ಹೊತ್ತಿಗೆ, ಕೊನೆಯ ನಾಲ್ಕು ದಿನದ ಸಾಮಾನು ಹೊತ್ತು ಚೌಕಿ ಅನ್ನುವ ಹುಲ್ಲುಗಾವಲಿಗೆ ಬಂದು ಕಾಯುತ್ತಾರೆ. ಆಗ ಕಂಡಿ ದಾಟಿಸಬೇಕಾದ್ದು ಎಂಟು ದಿನದ ಊಟ, ಮೇಲೆ ಎರಡು ದಿನದ್ದು. ತಲೆಗೆ 8 ಕೆ.ಜಿ. ಎಣ್ಣೆಯೂ ಕಮ್ಮಿ. ನಾವು ಐದೂ ಜನ ನಮ್ಮ ಬ್ಯಾಗಿನ ಜೊತೆ ಐದೈದು ಕೆ.ಜಿ. ಹಂಚಿಕೊಂಡೆವು, ಗೈಡ್ ಕಡೆಯ ಮೂವರು ಹತ್ತತ್ತು ತೆಗೆದುಕೊಂಡರು. ಹತ್ತು ಪೋರ್ಟರ್‌ಗಳಿಗೆ ಲೆಕ್ಕ ಬಂದು ನಿಂತಿತು. ಒಟ್ಟು ಹದಿನೆಂಟು ಜನ. ಆ ದಿನ ನನಗಾದ ಖುಷಿ ಯಾವ ಪಾಸ್ ದಾಟಿದಾಗಲೂ ಆಗಿರಲಿಲ್ಲ ಅನ್ನಿಸುತ್ತದೆ.

ಗಂಗೀಯವರು ಬರದೇ ಹೋದರೆ? ಅದಕ್ಕೇ ಆ ಎರಡು ದಿನದ ಊಟ. ಮುಂದೆ ಕೇದಾರನಾಥದ ದಾರಿಯಲ್ಲಿ ಬರುವ ಮಸಾರ್ ತಾಲ್ (ತಾಲ್ ಅಂದರೆ ಸರೋವರ), ಮಯಾಲಿ ಪಾಸ್, ವಾಸುಕಿ ತಾಲ್ ಎಲ್ಲ ಬಿಟ್ಟು, ಕಣಿವೆ ಹಿಡಿದು ಗಂಗೀಗೆ, ಅಲ್ಲಿಂದ ಘುತ್ತೂಗೆ ಇಳಿಯುವುದು. ಕೇದಾರನಾಥ ಸಿಗುವುದಿಲ್ಲ, ರಸ್ತೆ ಸಿಗುತ್ತದೆ. ಹೀಗೆ ಊಟದ ಲೆಕ್ಕ ಮಾಡುತ್ತ ಮಾಡುತ್ತ ತಪ್ಪಿಸಿಕೊಳ್ಳುವ ದಾರಿಯೂ ಸಿಕ್ಕಿತು. ಹಗ್ಗ ಎಳೆದ ಮೇಲೆ ಹಿಂದಕ್ಕೆ ಬಾಗಿಲಿಲ್ಲ ನಿಜ. ಪಕ್ಕಕ್ಕೆ ಒಂದು ಬಾಗಿಲಿದೆ.

ಅಡುಗೆ ವಿಷಯ ಸ್ವಲ್ಪ ಹೇಳಲೇಬೇಕು. 4,800 ಮೀಟರ್ ಎತ್ತರದಲ್ಲಿ ನೀರು 84 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಇಟ್ಟರೆ ಎಣ್ಣೆ ಮುಗಿಯುತ್ತದೆ, ಬೇಳೆ ಬೇಯುವುದಿಲ್ಲ. ಹಾಗಾಗಿ ಭಾರ ಆದರೂ ಕುಕ್ಕರ್ ಹೊರಬೇಕು. ಹಿಮದ ಮೇಲೆ ಕಳೆಯುವ ಮೂರು ರಾತ್ರಿ ಕುಡಿಯುವ ನೀರಿಗೂ ಹಿಮ ಕರಗಿಸಬೇಕು, ಅದಕ್ಕೆ ಬೇರೆ ಎಣ್ಣೆ. ಎರಡು ವರ್ಷದ ಹಿಂದೆ ಇನ್ನೊಂದು ಕಡೆ ನಮ್ಮ ತಂಡದ ಸೀಮೆಎಣ್ಣೆ ಒಂದು ದಿನ ಮೊದಲೇ ಖಾಲಿಯಾಗಿತ್ತು. ಹಿಮ ಕರಗಿಸುವುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ಬೆಳಗ್ಗೆ ಹಿಮದ ಚೂರನ್ನು ಬಾಯಲ್ಲಿಟ್ಟುಕೊಂಡು ನಡೆದದ್ದು, ನಾಲಿಗೆ ಮರಗಟ್ಟಿದರೂ ದಾಹ ಹಾಗೇ ಇದ್ದದ್ದು ಇನ್ನೂ ನೆನಪಿದೆ. ಈ ಸಲ ಎಣ್ಣೆಯನ್ನು ಮೂರು ಸಲ ಲೆಕ್ಕ ಮಾಡಿದ್ದೇನೆ.

ಒಲೆ ಹಚ್ಚದೆ ತಿನ್ನುವುದಕ್ಕೆ ಅಮ್ಮನ ಹುರಿಹಿಟ್ಟು. ಅರಳಿಸಿದ ರಾಗಿಯನ್ನು ಬೀಸಿ, ಹುರಿಗಡಲೆ ಪುಡಿ, ಏಲಕ್ಕಿ ಸೇರಿಸಿ ಮಾಡಿದ್ದು. ಬೆಲ್ಲದ ಪುಡಿ ಬೆರೆಸಿ, ತಣ್ಣೀರಲ್ಲಿ ಕಲಸಿದರೂ ಆಯಿತು. ತಾಟಿನಲ್ಲಿ ಸ್ವಲ್ಪ ಹಾಕಿ ಕಲಸುವಾಗ ಬರುವ ಘಮ ಇದೆಯಲ್ಲ, ಅದೊಂದೇ ಸಾಕು. ಕಂಡಿ ದಾಟುವ ದಿನ ಹದಿನೆಂಟು ಜನಕ್ಕೂ ಅದೇ. "ಹದಿನೆಂಟು ಜನಕ್ಕಾ? ಹಾಗಾದ್ರೆ ರಾಗಿ ಹೊಸದು ತರಿಸ್ಬೇಕು ಕಣೇ" ಅಂದಳು ಅಮ್ಮ. ಹೋಗಬೇಡ ಅಂತ ಅವಳು ಹೇಳಿಯೇ ಇಲ್ಲ.

ಮುಂದಿನದು ಯಾವಾಗ ಅನ್ನುವುದು. ಇಲ್ಲಿಗೆ ಎರಡೇ ಸಮಯ. ಮಳೆಗಾಲಕ್ಕೆ ಮೊದಲು ಮೇ-ಜೂನ್, ಮಳೆ ಹೋದ ಮೇಲೆ ಸೆಪ್ಟೆಂಬರ್ ಕೊನೆ. ಜೂನ್‌ನಲ್ಲಿ ಹಿಮ ಜಾಸ್ತಿ. ಬಿರುಕುಗಳ ಮೇಲೆ ಹಿಮದ ಸೇತುವೆ ಗಟ್ಟಿ ಇರುತ್ತದೆ, ಇಳಿಜಾರಿನಲ್ಲಿ ಕಾಲು ಊರುತ್ತದೆ. ಆದರೆ ಸಂಜೆಯ ಹವಾ ನಂಬುವ ಹಾಗಿಲ್ಲ. ಸೆಪ್ಟೆಂಬರ್‌ನಲ್ಲಿ ಆಕಾಶ ತಿಳಿ. ಆದರೆ ಹಿಮ ಕರಗಿ ಬಿರುಕುಗಳು ಬಾಯಿ ತೆರೆದಿರುತ್ತವೆ, ಇಳಿಜಾರು ಗಾಜಿನ ಹಾಗೆ ಗಟ್ಟಿ ಮಂಜುಗಡ್ಡೆ. ನನಗೆ ಕಾಣುವ ಅಪಾಯವೇ ವಾಸಿ. ತೆರೆದ ಬಿರುಕನ್ನು ಸುತ್ತಿ ಹೋಗಬಹುದು, ಮುಚ್ಚಿದ ಬಿರುಕು ಗೊತ್ತೇ ಆಗುವುದಿಲ್ಲ. ಐದೂ ಜನ ಒಪ್ಪಿ ಸೆಪ್ಟೆಂಬರ್ ಅಂತ ತೀರ್ಮಾನ ಮಾಡಿದೆವು. ತೀರಾ ತಡ ಮಾಡುವ ಹಾಗೂ ಇಲ್ಲ. 2021ರ ಅಕ್ಟೋಬರ್ ನಡುವಿನಲ್ಲಿ ಇದ್ದಕ್ಕಿದ್ದಂತೆ ಹಿಮ ಸುರಿದು, ಹರ್ಸಿಲ್ ಕಡೆಯಿಂದ ಲಮ್ಖಾಗಾ ಪಾಸ್ ದಾಟಲು ಹೋದವರು ತೀರಿಕೊಂಡರು. ಮರುವರ್ಷ ಅಕ್ಟೋಬರ್ 4ರಂದು ದ್ರೌಪದಿ ಕಾ ದಂಡಾ 2 ಶಿಖರದಲ್ಲಿ ಹಿಮಕುಸಿತ ಬಡಿದು ಕೋರ್ಸಿಗೆ ಬಂದಿದ್ದವರು, ಕಲಿಸುವವರು ಹೋದರು. ನಮ್ಮ ಶೀಟಿನಲ್ಲಿ ಅಕ್ಟೋಬರ್ 5ರ ಮೇಲೆ ಕೆಂಪು ಬಣ್ಣ. ಅಷ್ಟರೊಳಗೆ ರಸ್ತೆಗೆ ಬಂದಿರಬೇಕು.

ಕನ್ನಡದವರಾಗಿ ಈ ಸೀಮೆಯ ಬಗ್ಗೆ ಮಾತಾಡುವಾಗ 2024ರ ಜೂನ್ ಮೊದಲ ವಾರವನ್ನು ಬಿಟ್ಟು ಮಾತಾಡಲು ನನ್ನಿಂದ ಆಗದು. ಉತ್ತರಕಾಶಿ ಮತ್ತು ತೆಹ್ರಿ ಜಿಲ್ಲೆಗಳ ಗಡಿಯಲ್ಲಿ ಸಹಸ್ತ್ರ ತಾಲ್ ಇದೆ. ಕರ್ನಾಟಕದಿಂದ ಹೋದ ತಂಡ ಅಲ್ಲಿಂದ ವಾಪಸ್ ಬರುವಾಗ ಹಿಮಗಾಳಿಗೆ ಸಿಕ್ಕಿತು. 9 ಜನ ತೀರಿಹೋದರು. ಉಳಿದವರಲ್ಲಿ ಹಲವರನ್ನು ಹೆಲಿಕಾಪ್ಟರ್ ತಂದು ಕರೆತಂದರು. ಆ ವಾರ ಬೆಂಗಳೂರಿನಲ್ಲಿ ಬೆಟ್ಟ ಹತ್ತುವ ಗುಂಪುಗಳಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಯಾರು ಸರಿ, ಯಾರು ತಪ್ಪು ಅಂತ ನಾನು ಇಲ್ಲಿ ಹೇಳಲು ಹೋಗುವುದಿಲ್ಲ. ಅಲ್ಲಿ ಇದ್ದವರಿಗೇ ಅದು ಗೊತ್ತು. ನನ್ನಲ್ಲಿ ಉಳಿದದ್ದು ಇಷ್ಟು: ಅದು ಹಗ್ಗ, ಮಂಜುಗಡ್ಡೆಯ ದಾರಿಯಲ್ಲ, ನಡೆಯುವ ದಾರಿ. ಗಾಳಿ ಮತ್ತು ಚಳಿ ಒಂದೇ ರಾತ್ರಿಯಲ್ಲಿ ಅಷ್ಟು ಜನರನ್ನು ತೆಗೆದುಕೊಂಡು ಹೋಯಿತು. ಆಮೇಲೆ ನಮ್ಮ ಶೀಟಿಗೆ ಒಂದು ಸಾಲು ಸೇರಿತು. ಡೇರೆ, ಸ್ಲೀಪಿಂಗ್ ಬ್ಯಾಗು, ಸ್ಟೌ ಯಾವಾಗಲೂ ನಡೆಯುವವರ ಜೊತೆಗೇ ಇರಬೇಕು. ಮುಂದೆ ಹೋಗಿ ಕ್ಯಾಂಪ್ ಹಾಕಿರಿ, ನಾವು ನಿಧಾನಕ್ಕೆ ಬರುತ್ತೇವೆ ಅನ್ನುವುದು ಕಂಡಿಯ ಆಚೆ ಒಂದು ದಿನವೂ ಇಲ್ಲ.

ಎತ್ತರಕ್ಕೆ ಮೈ ಒಗ್ಗಿಸಿಕೊಳ್ಳುವ ವಿಷಯ ಎಲ್ಲರೂ ಬರೆಯುತ್ತಾರೆ, ಹಾಗಾಗಿ ಬೇಗ ಮುಗಿಸುತ್ತೇನೆ. ಗಂಗೋತ್ರಿಯೇ ಸುಮಾರು 3,100 ಮೀಟರ್. ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ನಿಲ್ಲಬೇಕು. ರುದುಗೈರಾ ಕಣಿವೆ ಕಡಿದಾಗಿದೆ, ಜೋಶಿನಲ್ಲಿ ಮೂರೇ ದಿನಕ್ಕೆ ತುಂಬ ಮೇಲೆ ಹೋಗಿಬಿಡಬಹುದು. ಅದಕ್ಕೆ ಮೂರನೇ ದಿನ, ಐದನೇ ದಿನ ಎರಡೂ ನಿಲುಗಡೆ. ಐದನೇ ದಿನ ನಮ್ಮ ತಂಡದ ಡಾಕ್ಟರ್ ಗೆಳತಿ ಹದಿನೆಂಟೂ ಜನರನ್ನು ಕೂರಿಸಿ ನೋಡುತ್ತಾಳೆ. ತಲೆನೋವು ಇದ್ದವರು, ನೆಟ್ಟಗೆ ಗೆರೆ ಮೇಲೆ ನಡೆಯಲಾಗದವರು ಒಬ್ಬರಿದ್ದರೂ ಆರನೇ ದಿನ ಯಾರೂ ಕಂಡಿಗೆ ಹೋಗುವುದಿಲ್ಲ. ನಾನೇ ಆಗಿದ್ದರೂ ಅಷ್ಟೇ.

ಆರನೇ ದಿನದ್ದು ಗಂಟೆ ಲೆಕ್ಕ. ಹದಿನೆಂಟು ಜನ ಹಗ್ಗದಲ್ಲಿ ಇಳಿಯಬೇಕು. ಒಬ್ಬರಿಗೆ ಹದಿನೈದು ನಿಮಿಷ ಅಂದರೂ ನಾಲ್ಕೂವರೆ ಗಂಟೆ. ಮಧ್ಯಾಹ್ನ ಬಿಸಿಲು ಬಿದ್ದು ಕಲ್ಲು ಉದುರಲು ಶುರುವಾಗುವ ಮೊದಲು ಕೊನೆಯವರು ಕೆಳಗಿರಬೇಕು. ಅಂದರೆ ಬೆಳಗ್ಗೆ ಏಳಕ್ಕೆ ಮೊದಲಿನವರು ಹಗ್ಗಕ್ಕೆ ಸಿಕ್ಕಿಸಿಕೊಂಡಿರಬೇಕು. ಅಂದರೆ ರಾತ್ರಿ ಎರಡಕ್ಕೆ ಡೇರೆ ಬಿಡಬೇಕು. ಒಂಬತ್ತಾದರೂ ಮೊದಲ ವ್ಯಕ್ತಿ ಇಳಿಯಲು ಶುರು ಮಾಡಿಲ್ಲ ಅಂದರೆ ಆ ದಿನ ವಾಪಸ್. ಈ ಒಂಬತ್ತು ಗಂಟೆಯನ್ನು ಎಂಟು ತಿಂಗಳ ಮೊದಲೇ, ಬೆಚ್ಚಗೆ ಕಾಫಿ ಕುಡಿಯುತ್ತ ಬರೆದಿಟ್ಟಿದ್ದೇವೆ. ಅಲ್ಲಿ, ಆ ಎತ್ತರದಲ್ಲಿ, ಎದುರಿಗೆ ಖಾಟ್ಲಿಂಗ್ ಕಾಣುತ್ತಿರುವಾಗ "ಇನ್ನೊಂದರ್ಧ ಗಂಟೆ ನೋಡೋಣ" ಅನ್ನಿಸುವುದು ನನಗೆ ಗೊತ್ತು.

ರಾಮನಗರದ ಬಂಡೆಗಳ ಮೇಲೆ ಪ್ರತಿ ಭಾನುವಾರ ಇದನ್ನೇ ಅಭ್ಯಾಸ ಮಾಡುತ್ತಿದ್ದೇವೆ. ದಪ್ಪ ಉಣ್ಣೆಯ ಕೈಗವಸು ಹಾಕಿಕೊಂಡು, ಕಣ್ಣು ಮುಚ್ಚಿ ಗಂಟು ಹಾಕುವುದು. ಬೆವರು ಸುರಿಯುವ ಬಿಸಿಲಲ್ಲಿ ಕೈಗವಸು ನೋಡಿ ಮೇಕೆ ಮೇಯಿಸುವ ಅಜ್ಜ ಒಬ್ಬರು ಪ್ರತಿ ಸಲ ನಿಂತು ನೋಡುತ್ತಾರೆ. ಮೊದಲ ವಾರ ಎಂಟರ ಗಂಟು ಹಾಕಲು ನನಗೆ ಎರಡು ನಿಮಿಷ ಹಿಡಿಯುತ್ತಿತ್ತು. ಉಣ್ಣೆಯ ಮೂಲಕ ಹಗ್ಗದ ಸುರುಳಿ ಯಾವುದರ ಮೇಲೆ ಯಾವುದು ಅಂತ ತಿಳಿಯುತ್ತಲೇ ಇರಲಿಲ್ಲ. ಈಗ ಇಪ್ಪತ್ತು ಸೆಕೆಂಡ್. ಬೆರಳಿಗೆ ತಾನಾಗಿಯೇ ಗೊತ್ತು.

ಇನ್ನು ಫೋನ್. ಗಂಗೋತ್ರಿ ಬಿಟ್ಟ ಮೇಲೆ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ. ಅನುಮತಿಯಿಲ್ಲದೆ ಸ್ಯಾಟಲೈಟ್ ಫೋನ್ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಹಾಗಾಗಿ ನಮ್ಮ ಬಗ್ಗೆ ಯೋಚನೆ ಮಾಡುವ ಒಬ್ಬರು ಕೆಳಗೆ ಇರಲೇಬೇಕು. ಅದು ಮೈಸೂರಿನ ನನ್ನ ಅಕ್ಕ. ಅವಳ ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದ್ದೇನೆ. ಪ್ರತಿ ದಿನದ ಕ್ಯಾಂಪ್, ಹದಿನೆಂಟು ಜನರ ಹೆಸರು, ರಕ್ತದ ಗುಂಪು, ಉತ್ತರಕಾಶಿ, ತೆಹ್ರಿ, ರುದ್ರಪ್ರಯಾಗ ಮೂರೂ ಜಿಲ್ಲೆಗಳ ವಿಪತ್ತು ಕಂಟ್ರೋಲ್ ರೂಮಿನ ನಂಬರ್.

"ಹದಿನೈದನೇ ದಿನದವರೆಗೆ ಫೋನ್ ಬರದಿದ್ದರೆ ಇವರಿಗೆ ಮಾಡು" ಅಂದೆ.

ಅವಳು ಹಾಳೆಯನ್ನೇ ನೋಡುತ್ತ ಕೇಳಿದಳು. "ಹದಿನೈದನೇ ದಿನ ಬೆಳಗ್ಗೆನಾ, ಸಾಯಂಕಾಲನಾ?"

ಎಂಟು ತಿಂಗಳಲ್ಲಿ ನಾವು ಐದು ಜನ ಯಾರೂ ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಸಾಯಂಕಾಲ ಆರು ಅಂತ ಅವಳೇ ಪೆನ್ ತಂದು ಬರೆದಳು.

ಕೊನೆಗೆ ಉಳಿದದ್ದು ಚಪ್ಪಲಿ-ಬೂಟಿನ ವಿಷಯ. ಬೆಟ್ಟದಲ್ಲಿ ನಾನು ತುಂಬ ಸಲ ನೋಡಿದ್ದೇನೆ. ನಮ್ಮ ಕಾಲಲ್ಲಿ ಇಪ್ಪತ್ತು ಸಾವಿರದ ಬೂಟು, ನಮ್ಮ ಅಕ್ಕಿ ಹೊತ್ತವನ ಕಾಲಲ್ಲಿ ರಬ್ಬರ್ ಶೂ, ಸಾಕ್ಸ್ ಒದ್ದೆ. ಅವರಿಗೆ ಅಭ್ಯಾಸ ಇದೆ ಅನ್ನುತ್ತಾರೆ. ಅಭ್ಯಾಸ ಇದ್ದ ಮಾತ್ರಕ್ಕೆ ಬೆರಳು ಹೆಪ್ಪುಗಟ್ಟದೆ ಇರುತ್ತದಾ? ಹಗ್ಗ ಎಳೆದುಕೊಂಡ ಮೇಲೆ ಆ ಮಂಜಿನ ಮೇಲೆ ನಾವು ಹದಿನೆಂಟೂ ಜನ ಒಂದೇ. ಅವರಲ್ಲಿ ಒಬ್ಬರ ಕಾಲು ಕೆಟ್ಟರೂ ಎಲ್ಲರೂ ನಿಲ್ಲಬೇಕು. ಅದಕ್ಕಿಂತ ಮೊದಲು, ಅದು ಅವರ ಕಾಲು. ಗಟ್ಟಿ ಬೂಟು, ಅದಕ್ಕೆ ಕಟ್ಟುವ ಮುಳ್ಳಿನ ಕ್ರಾಂಪನ್, ಕನ್ನಡಕ, ಕೈಗವಸು, ವಿಮೆ ಹತ್ತೂ ಜನರಿಗೆ ನಮ್ಮ ಖರ್ಚಿನಲ್ಲೇ ಅಂತ ಮಾಡಿದೆವು. ದುಡ್ಡು ಹೊಂದಿಸಲು ಕಷ್ಟವಾಯಿತು. ನಾನು ಹೊಸ ಜಾಕೆಟ್ ಬಿಟ್ಟೆ, ಇನ್ನೊಬ್ಬ ಗೆಳೆಯ ಕ್ಯಾಮೆರಾ ಮಾರಿದ.

ಭೈಜೀಗೆ ಎಲ್ಲರ ಪಾದದ ಅಳತೆ ಕಳಿಸಿ ಅಂದಿದ್ದೆ. ನಂಬರ್ ಬೇಡ, ಕಂಪನಿಗೊಂದು ನಂಬರ್ ಇರುತ್ತದೆ, ಹಾಳೆಯ ಮೇಲೆ ಕಾಲಿಟ್ಟು ಗೆರೆ ಎಳೆದು ಕಳಿಸಿ ಅಂತ. ನಿನ್ನೆ ಪೋಸ್ಟಿನಲ್ಲಿ ಕವರ್ ಬಂತು. ನೋಟ್‌ಬುಕ್ಕಿನಿಂದ ಹರಿದ ಹಾಳೆಗಳು. ಪೆನ್ಸಿಲ್‌ನಲ್ಲಿ ಸುತ್ತ ಬರೆದ ಪಾದಗಳು, ಪಕ್ಕದಲ್ಲಿ ಹಿಂದಿಯಲ್ಲಿ ಹೆಸರು. ಒಂದರ ಹೆಬ್ಬೆರಳು ಹಾಳೆ ದಾಟಿ ಹೋಗಿದೆ, ಅದಕ್ಕೆ ಇನ್ನೊಂದು ತುಂಡು ಅಂಟಿಸಿದ್ದಾರೆ. ಊಟದ ಟೇಬಲ್ ಮೇಲೆ ಎಲ್ಲವನ್ನೂ ಹರಡಿ ಸ್ಕೇಲ್ ಇಟ್ಟು ಅಳೆದೆ. 25.5 ಸೆಂಟಿಮೀಟರ್, 26, 27, 24.5. ಒಂಬತ್ತೇ ಇದ್ದವು.

ಫೋನ್ ಮಾಡಿದೆ.

"ಹತ್ತನೆಯವನು ಕುರಿ ಹೊಡೆದುಕೊಂಡು ಮೇಲೆ ಹೋಗಿದ್ದಾನೆ ದೀದೀ" ಅಂದರು ಭೈಜೀ. "ಹತ್ತು ದಿನ ಬಿಟ್ಟು ಇಳಿಯುತ್ತಾನೆ. ಬಂದ ತಕ್ಷಣ ಕಾಲು ತೊಳೆಸಿ ಅಳತೆ ತೆಗೀತೀನಿ."

ಶೀಟಿನಲ್ಲಿ ಅವನ ಹೆಸರಿನ ಮುಂದಿನ ಚೌಕ ಖಾಲಿ ಬಿಟ್ಟಿದ್ದೇನೆ. ಅದು ತುಂಬುವವರೆಗೆ ರೈಲಿನ ಟಿಕೆಟ್ ಬುಕ್ ಮಾಡುವುದಿಲ್ಲ.